ಈಡು ಪಡೆದವರು ಯಾರು?

ಕೆಲವು ವರ್ಷಗಳ ಹಿಂದೆ ಕಾರವಾರದ ಕ್ರೈಸ್ತ ಮಿತ್ರರೊಬ್ಬರು ಈಸ್ಟರಿನ ಹಿಂದಿನ ರಾತ್ರಿಯ ಜಾಗರಣೆಗೆ ನನ್ನನ್ನು ಕರೆದೊಯ್ದಿದ್ದರು. ಇಗರ್ಜಿಯ ದೀಪಗಳೆಲ್ಲ ಆರಿದ್ದವು. ಅಂಗಳದಲ್ಲಿ ಹೊತ್ತಿಸಿದ ಹೊಸ ಬೆಂಕಿಯಿಂದ ದೊಡ್ಡದೊಂದು ಮೇಣದ ಬತ್ತಿಯನ್ನು ಬೆಳಗಿಸಿದರು. ಅದರಿಂದ ಜನರ ಕೈಯ ಚಿಕ್ಕ ಬತ್ತಿಗಳು ಒಂದೊಂದಾಗಿ ಹೊತ್ತಿಕೊಂಡವು. ತುಸು ಹೊತ್ತಿನ ಮೇಲೆ ಪಾದ್ರಿಗಳು, ಸೈತಾನನನ್ನು ತ್ಯಜಿಸುವಿರಾ ಎಂದು ಕೊಂಕಣಿಯಲ್ಲಿ ಕೇಳಿದರು. ತ್ಯಜಿಸುತ್ತೇವೆಂದು ಜನರೆಲ್ಲ ಒಕ್ಕೊರಲಿನಿಂದ ನುಡಿದರು.

ಮರಳುವ ದಾರಿಯಲ್ಲಿ, ಕಡಲಿನ ಮೊರೆತದ ನಡುವೆ, ನಾನು ಕೇಳಿದೆ: "ಶಿಲುಬೆಯ ಮೇಲೆ ಸತ್ತವನು ಯೇಸು. ಸೋತವನು ಸೈತಾನನು ಹೇಗಾದ?"

ಮಿತ್ರರು ನಕ್ಕರು. "ಮಾಸ್ತರೇ, ನಮ್ಮ ಪಂಡಿತರೂ ಇದನ್ನೇ ಶತಮಾನಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ."

ಅವರ ಮಾತಿನಿಂದ ಪ್ರೇರಿತನಾಗಿ ಮುಂದೆ ನಾನು ಓದಿದ್ದರ ಸಾರವಿಷ್ಟು. ತನ್ನ ಪ್ರಾಣವನ್ನು ಅನೇಕರಿಗಾಗಿ ಈಡು ಕೊಡಲು ಬಂದೆನೆಂದು ಯೇಸು ಹೇಳಿದ ಮಾತು ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಈಡು ಕೊಟ್ಟಮೇಲೆ ಪಡೆದವನೊಬ್ಬನು ಇರಲೇಬೇಕಷ್ಟೆ? ಸೈತಾನನೇ ಪಡೆದನೆಂದು ಮೂರನೆಯ ಶತಮಾನದ ಒರಿಜೆನನು ಬಗೆದನು. ಪಾಪದಿಂದ ಮಾನವರು ಅವನ ವಶವಾಗಿದ್ದರಲ್ಲವೆ? ನಾಲ್ಕನೆಯ ಶತಮಾನದ ನಿಸ್ಸಾದ ಗ್ರೆಗೊರಿ ಕೊಟ್ಟ ಉಪಮೆಯನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯೇಸುವಿನ ಮಾನವ ದೇಹವೇ ಎರೆ, ಒಳಗೆ ಅಡಗಿದ ದೈವತ್ವವೇ ಗಾಳ. ಎರೆಯ ಆಸೆಗೆ ಬಾಯಿ ತೆರೆದ ಸೈತಾನನು ಗಾಳಕ್ಕೆ ಸಿಕ್ಕಿಬಿದ್ದನು!

ಉಪಮೆ ಸೊಗಸಾಗಿದೆ, ಆದರೆ ದೇವರು ಮೋಸ ಮಾಡಬಹುದೆ? ವಾಮನನ ಕಥೆ ಕೇಳಿದಾಗಲೂ ಬಾಲ್ಯದಲ್ಲಿ ನನಗೆ ಈ ಶಂಕೆ ಮೂಡಿತ್ತು. ನಮ್ಮ ಜಿಲ್ಲೆಯವರು ದೀಪಾವಳಿಯಲ್ಲಿ ಪೂಜಿಸುವುದು ಸೋತ ಬಲೀಂದ್ರನನ್ನೇ. ಗ್ರೆಗೊರಿಯ ಸಮಕಾಲೀನನೂ ಅದೇ ಹೆಸರಿನವನೂ ಆದ ನಾಜಿಯಾಂಜಸಿನ ಗ್ರೆಗೊರಿಗಂತೂ, ಕಳ್ಳನಾದ ಸೈತಾನನಿಗೆ ದೇವರು ಬೆಲೆ ತೆರುವುದೆಂಬ ಮಾತೇ ಸಹಿಸಲಾಗಲಿಲ್ಲ. 1098ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಆನ್ಸೆಲ್ಮನು, ಸೈತಾನನಿಗೆ ಯಾವ ಹಕ್ಕೂ ಇಲ್ಲ, ಮಾನವನ ಋಣವಿರುವುದು ದೇವರಿಗೆ, ಅದನ್ನು ಯೇಸು ತೀರಿಸಿದನು ಎಂದು ವಾದಿಸಿದನು. ಮುಂದಿನ ಶತಮಾನದ ಅಬೆಲಾರ್ಡನಿಗೆ ಶಿಲುಬೆಯಲ್ಲಿ ಮುಖ್ಯವಾಗಿ ಕಂಡದ್ದು ನಮ್ಮ ಹೃದಯವನ್ನು ಕರಗಿಸುವ ಪ್ರೇಮ. ಸ್ವೀಡನ್ನಿನ ಗುಸ್ತಾಫ್ ಔಲೇನರು 1930ರಲ್ಲಿ ಹಳೆಯ ನಂಬಿಕೆಗೆ ಮರಳಿ ಜೀವ ತುಂಬಿದರು: ಪಾಪ, ಮರಣ, ಸೈತಾನ ಇವುಗಳೊಡನೆ ದೇವರೇ ಹೂಡಿದ ಹೋರಾಟ ಅದು, ಶಿಲುಬೆಯೇ ಅದರ ವಿಜಯ.

ಆ ಇಸವಿಯನ್ನು ಓದಿದಾಗ ನನ್ನ ಮನಸ್ಸು ಅಂಕೋಲೆಗೆ ಹೋಯಿತು. ಅದೇ 1930ರ ಏಪ್ರಿಲಿನಲ್ಲಿ ಇಲ್ಲಿನ ಜನ ಉಪ್ಪಿನ ಕಾಯಿದೆಯನ್ನು ಮುರಿದರು. 1932ರ ಕರನಿರಾಕರಣೆಯಲ್ಲಿ ಈ ತಾಲೂಕಿನ ಅನೇಕ ರೈತರ ಜಮೀನು ಜಪ್ತಿಯಾಯಿತು. ಅವರು ಕಳೆದುಕೊಂಡದ್ದು ಯಾರಿಗೆ ಕೊಟ್ಟ ಈಡು? ಸರಕಾರಕ್ಕೆ ತೆತ್ತ ಬೆಲೆಯೆಂದು ಯಾರೂ ಹೇಳಲಾರರು. ಹೆದರಿಸಿ ಆಳುವವನ ಬಲವೆಲ್ಲ ಹೆದರುವವರ ಮನಸ್ಸಿನಲ್ಲಿರುತ್ತದೆ. ಎಲ್ಲವನ್ನೂ ಕಳೆದುಕೊಳ್ಳಲು ಸಿದ್ಧನಾದವನ ಮುಂದೆ ಅದು ನಿಲ್ಲದು. ಸೈತಾನನ ಸೋಲೂ ಇಂಥದೇ ಇರಬೇಕೆಂದು ಮಿತ್ರರಿಗೆ ಉತ್ಸಾಹದಿಂದ ಪತ್ರ ಬರೆದೆ.

ಅವರ ಉತ್ತರ ಚಿಕ್ಕದಾಗಿತ್ತು. "ನಿಮ್ಮ ಹೋಲಿಕೆ ಅರ್ಧ ಸರಿ. ಆ ರೈತರು ನಿರಪರಾಧಿಗಳು. ಅವರಿಗೆ ಬೇಕಾದದ್ದು ಭಯದಿಂದ ಬಿಡುಗಡೆ. ಸ್ವತಃ ತಪ್ಪು ಮಾಡಿದ ನನ್ನಂಥವನ ಗತಿಯೇನು? ಹೆದರಿಕೆ ಹೋದರೂ ಮಾಡಿದ ತಪ್ಪು ಉಳಿಯುತ್ತದಲ್ಲ? ಅದಕ್ಕೆ ಪ್ರಾಯಶ್ಚಿತ್ತ ಬೇಕು. ಅದನ್ನು ನಾನೊಬ್ಬನೇ ಮಾಡಿಕೊಳ್ಳಲಾರೆ."

ಆ ಪತ್ರ ನನ್ನ ಉತ್ಸಾಹವನ್ನು ತಗ್ಗಿಸಿತು. ನಾನು ಕೇಳಿದ್ದು ಸೈತಾನನ ಸೋಲಿನ ಬಗೆ; ಅವರು ನುಡಿದದ್ದು ತಮ್ಮೊಳಗಿನ ಋಣವನ್ನು. ಹೊರಗಿನ ಶತ್ರು ಸೋತಮೇಲೂ ಒಳಗಿನ ಲೆಕ್ಕ ಉಳಿಯುವುದೆಂಬುದನ್ನು ಸ್ವಾತಂತ್ರ್ಯ ಬಂದ ಮೇಲೆ ನಾವೂ ಕಂಡಿದ್ದೇವೆ. ಯೇಸುವಿನ ಮೃತ್ಯು ಒಮ್ಮೆಗೇ ಎಲ್ಲರ ಪಾಲಿಗೆ ಸಾಕಾಯಿತೆಂಬುದು ಅವರ ಶ್ರದ್ಧೆ. ಆದರೂ ಪ್ರತಿ ವರ್ಷ ಆ ರಾತ್ರಿ ಕೈಯಲ್ಲಿ ಬತ್ತಿ ಹಿಡಿದು, ಸೈತಾನನನ್ನು ತ್ಯಜಿಸುತ್ತೇವೆಂದು ಹೊಸದಾಗಿ ನುಡಿಯುತ್ತಾರೆ. ಗೆದ್ದ ಯುದ್ಧಕ್ಕೆ ಮತ್ತೆ ಪ್ರತಿಜ್ಞೆ ಏಕೆಂದು ಈಗ ನಾನು ಕೇಳುವುದಿಲ್ಲ.