ದಲ್ಲಾಳಿಯ ಠೇವಣಿ

ಐವತ್ತು ವರ್ಷ ತುಂಬಿದ ಪರದೇಶೀಯನು ಥೈಲೆಂಡಿನಲ್ಲಿ ವಿಶ್ರಾಂತಿಜೀವನಕ್ಕೆಂದು ವರ್ಷಾವಧಿಯ ವಾಸಾನುಮತಿಯನ್ನು ಬೇಡಬಹುದು. ಅದಕ್ಕೆ ಸಾಮಾನ್ಯವಾಗಿ ಅಲ್ಲಿಯ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿಯನ್ನಾಗಲಿ, ತಿಂಗಳಿಗೆ 65,000 ಬಾತ್ ವರಮಾನವನ್ನಾಗಲಿ ತೋರಿಸಬೇಕು. 2019ರ ನಿಯಮದಂತೆ ಠೇವಣಿಯು ಅರ್ಜಿಗೆ ಎರಡು ತಿಂಗಳು ಮೊದಲಿನಿಂದ, ಅನುಮತಿ ದೊರೆತು ಮೂರು ತಿಂಗಳಾಗುವವರೆಗೆ ಕದಲಕೂಡದು. ಆಮೇಲೂ ಅರ್ಧಕ್ಕಿಂತ ಇಳಿಯಕೂಡದು. ಸರಕಾರದ ಶುಲ್ಕವೋ, 1,900 ಬಾತ್ ಮಾತ್ರ.

ಅರ್ಜಿಯನ್ನು ಬರೆದುಕೊಟ್ಟು ಕಚೇರಿಗೆ ಜೊತೆಯಾಗಿ ಬರುವ ದಲ್ಲಾಳಿಗೆ ಕೂಲಿ ಸಲ್ಲುವುದು ನ್ಯಾಯವೇ. ಆ ನಾಡಿನ ಭಾಷೆಯರಿಯದ ವೃದ್ಧನಿಗೆ ಅದು ಉಪಕಾರವೂ ಹೌದು. ಆದರೆ ತನ್ನ ಹಣವನ್ನು ನಾಲ್ಕು ದಿನ ಅರ್ಜಿದಾರನ ಖಾತೆಯಲ್ಲಿ ಮೆರೆಯಿಸಿ ಹಿಂತೆಗೆದುಕೊಳ್ಳುವವರೂ ಉಂಟಷ್ಟೆ. ಇವರನ್ನು ಉಪಕಾರಿಗಳೆಂದು ನಾವು ಕರೆಯಲಾರೆವು. ಅರ್ಜಿಯ ಮೇಲಿನ ರುಜು ಪಿಂಚಣಿದಾರನದು. ಸುಳ್ಳು ಬಯಲಾದರೆ ಮನೆಮಾರುಗಳನ್ನು ಬಿಟ್ಟು ಗಡೀಪಾರಾಗಬೇಕಾದವನೂ ಅವನೇ. ದಲ್ಲಾಳಿಯು ಅಷ್ಟರೊಳಗೆ ಅದೇ ಹಣವನ್ನು ಮತ್ತೊಬ್ಬ ಗಿರಾಕಿಯ ಖಾತೆಗೆ ಕಟ್ಟಿರುತ್ತಾನೆ.