ನಿಮಗಿದು ಗೊತ್ತೆ? ಯುಗಾದಿಯ ಸುಣ್ಣಕ್ಕೊಂದು ಚಿಟಿಕೆ ನೀಲಿ
ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ಬಣ್ಣದಾಟ ಮುಗಿದರೆ ಯುಗಾದಿಗೆ ಉಳಿಯುವುದು ಹತ್ತು ದಿನದ ಆಸುಪಾಸು. ಅಲ್ಲೇ ಪಕ್ಕದ ಗಬ್ಬೂರ ಸುತ್ತಲಿನ ಸೀಮೆಯ ಹಳೆಯ ಮಣ್ಣಿನ ಮನೆಗಳಲ್ಲಿ ಆಗ ಜಂತಿಯ ಜೇಡರ ಬಲೆ ಜಾಡಿಸಿ, ಕೌದಿ ಒಗೆದು, ಗೋಡೆಗೆ ಸುಣ್ಣ ಹಚ್ಚುವ ಗಡಿಬಿಡಿ.

ಸುಟ್ಟ ಸುಣ್ಣದ ಹರಳಿಗೆ ನೀರು ಸುರಿದರೆ ಒಲೆಯಿಲ್ಲದೆಯೇ ಕೊತಕೊತ ಕುದಿಯುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ನೀರಿನೊಡನೆ ಕೂಡುವಾಗ ಹೊರಬೀಳುವ ಶಾಖವದು. ಅರಳಿದ ಸುಣ್ಣದ ಪಿಎಚ್ ಸುಮಾರು 12.4. ಇಷ್ಟು ಕ್ಷಾರದಲ್ಲಿ ಬೂಷ್ಟಾಗಲಿ, ಹಲವು ರೋಗಾಣುಗಳಾಗಲಿ ಬದುಕುವುದು ಕಷ್ಟ. ಕಣ್ಣಿಗೂ ಅದು ಅಪಾಯ, ಮಕ್ಕಳನ್ನು ದೂರವಿಡಲೇಬೇಕು. ಗೋಡೆಗೆ ಹಚ್ಚಿದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮರಳಿ ಸುಣ್ಣಕಲ್ಲಿನ ತೆಳು ಪದರವಾಗುತ್ತದೆ! ಗೋಡೆಯ ತೇವ ಹೊರಹೋಗಲು ದಾರಿಯನ್ನೂ ಬಿಡುತ್ತದೆ. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟಿಗಿಂತ ಇದೇ ಮೇಲು.

ಇನ್ನು ಸುಣ್ಣದ ನೀರಿಗೆ ಬೆರೆಸುವ ನೀಲಿಪುಡಿ. ಹಳದಿ ಛಾಯೆ ಅಡಗಿಸಿ ಗೋಡೆಯನ್ನು ಬೆಳ್ಳಗೆ ಕಾಣಿಸುವುದು ಅದೇ. ಹಿಂದೆ ಈ ನೀಲಿಯನ್ನು ಅಫ್ಘಾನಿಸ್ತಾನದ ಬೆಲೆಬಾಳುವ ಲಾಜವರ್ದ ಕಲ್ಲು ಅರೆದು ತೆಗೆಯುತ್ತಿದ್ದರು. ಕೃತಕವಾಗಿ ತಯಾರಿಸುವ ವಿಧಾನಕ್ಕೆ 1828ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಿಮೆ ಬಹುಮಾನ ಪಡೆದರು. ಅಲ್ಲಿಂದ ಬೆಲೆ ಇಳಿದು, ಈ ನೀಲಿಪುಡಿ ಬಟ್ಟೆ ಒಗೆಯುವ ಬಕೆಟ್ಟಿಗೂ ಬಂತು.