ನಾಯಿಯ ನಡತೆ, ಸಾಕಿದವರ ನಡತೆ

ತಿದ್ದಲಾಗದ ಮನುಷ್ಯರನ್ನು ಕಂಡಾಗ ನಾವು 'ನಾಯಿ ಬಾಲ ಡೊಂಕು' ಎನ್ನುತ್ತೇವೆ. ಬಾಲದ ಮಟ್ಟಿಗೆ ಗಾದೆ ಸರಿಯಿರಬಹುದು, ನಾಯಿಯ ಮಟ್ಟಿಗೆ ಸರಿಯಿಲ್ಲ. ಮನುಷ್ಯನ ಜೊತೆಗೆ ಬಾಳುವ ಪ್ರಾಣಿಗಳಲ್ಲಿ ಅದರಷ್ಟು ಬೇಗ ಕಲಿಯುವುವು ವಿರಳ. ತೊಡಕು ಬರುವುದೂ ಅಲ್ಲಿಂದಲೇ. ನಾವು ಕಲಿಸಬೇಕೆಂದು ಕಲಿಸಿದ್ದನ್ನು ಮಾತ್ರವಲ್ಲದೆ, ಕಲಿಸುತ್ತಿದ್ದೇವೆಂಬ ಅರಿವೇ ಇಲ್ಲದೆ ಕಲಿಸಿದ್ದನ್ನೂ ಅದು ಚೆನ್ನಾಗಿ ಕಲಿತುಬಿಡುತ್ತದೆ.

ಮೈಸೂರಿಗೆ ಬಹು ದೂರವಲ್ಲದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನವೊಂದು ದೊರೆಯಿತು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು ಅರಸನಿಂದ ಬೇಡಿ ಪಡೆದದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಹಂದಿಯೂ ನಾಯಿಯೂ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕಲ್ಲು ನಿಂತದ್ದು ಯಾವ ಗುಣಕ್ಕಾಗಿಯೋ, ಅಪರಿಚಿತವಾದುದರ ಮೇಲೆ ಎರಗುವ ಅದೇ ಗುಣಕ್ಕಾಗಿ ಇಂದು ಕುವೆಂಪುನಗರದ ಮನೆಯ ನಾಯಿ ಬೈಸಿಕೊಳ್ಳುತ್ತದೆ. ಗುಣ ಬದಲಾಗಿಲ್ಲ; ಅದರ ಸುತ್ತ 30×40ರ ನಿವೇಶನ ಬಂದಿದೆ.

ಆದುದರಿಂದ ನಾಯಿಯ ನಡತೆ ಕೆಟ್ಟಿತೆಂದು ತೋರಿದಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ನಡತೆಯಿಂದ ನಾಯಿಗೆ ದೊರೆಯುತ್ತಿರುವುದೇನು ಎಂಬುದು. ಗೇಟಿನ ಬಳಿ ನಿಂತು ಬೊಗಳುವ ನಾಯಿಯನ್ನೇ ನೋಡಿ. ಬೆಳಗ್ಗೆ ಪತ್ರಿಕೆ ಹಾಕುವ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಹುಡುಗ ಪತ್ರಿಕೆ ಎಸೆದು ಹೊರಟುಹೋಗುತ್ತಾನೆ. ಆಮೇಲೆ ಹಾಲಿನವನು, ಮಧ್ಯಾಹ್ನ ಅಂಚೆಯವನು. ಅವರು ತಮ್ಮ ಕೆಲಸ ಮುಗಿಸಿ ಹೋದರೆಂದು ನಮಗೆ ಗೊತ್ತು. ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೆ ಅವರು ಓಡಿದರು. ದಿನಕ್ಕೆ ಮೂರು ಸಲ ಗೆಲ್ಲುವ ಯೋಧ ಯುದ್ಧವನ್ನು ಏಕೆ ಬಿಟ್ಟಾನು? ಇದರ ಮೇಲೆ ಯಜಮಾನರು ವರಾಂಡದಿಂದ 'ಸುಮ್ಮನಿರೋ' ಎಂದು ಕೂಗಿಕೊಂಡರೆ, ಮನೆಯವರೂ ತನ್ನೊಡನೆ ಬೊಗಳುತ್ತಿದ್ದಾರೆಂದು ಅದಕ್ಕೆ ಇನ್ನಷ್ಟು ಹುರುಪು.

ಇಲ್ಲಿ ಏಟಿಗೆ ಕೆಲಸವಿಲ್ಲ. ಗೇಟಿನ ಕಂಬಿಗಳಿಗೆ ತಗಡನ್ನೋ ಚಾಪೆಯನ್ನೋ ಕಟ್ಟಿ ಬೀದಿ ಕಾಣದಂತೆ ಮಾಡಬೇಕು. ನಾಯಿ ಎರಡು ಸಲ ಬೊಗಳಲಿ, ಕಾವಲಿನ ಕರ್ತವ್ಯ ಅಷ್ಟಕ್ಕೆ ಮುಗಿಯಿತು. ಆಗ ಹೆಸರು ಹಿಡಿದು ಒಳಕ್ಕೆ ಕರೆದು, ಬಂದು ಸುಮ್ಮನಾದ ಗಳಿಗೆಯಲ್ಲಿ ಚಪಾತಿಯ ಚೂರೊಂದನ್ನು ಕೊಡಬೇಕು. ಆ ಚೂರು ಸಲ್ಲಬೇಕಾದದ್ದು ಮೌನಕ್ಕೆ. ಬೊಗಳುತ್ತಿರುವಾಗಲೇ ಕೊಟ್ಟರೆ ಪಾಠ ತಿರುಗುಮುರುಗಾಗುತ್ತದೆ. ಅತಿಥಿಗಳ ಮೈಮೇಲೆ ಹಾರುವ ನಾಯಿಗೂ ಇದೇ ಮದ್ದು. ನಾಲ್ಕು ಕಾಲೂ ನೆಲದ ಮೇಲಿರುವಾಗ ಮಾತ್ರ ಮುದ್ದು, ಹಾರಿದರೆ ಬೆನ್ನು ತಿರುಗಿಸುವುದು. ಕೆಲವು ವಾರ ಬೇಕಾಗುತ್ತದೆ. ಒಬ್ಬರು ತಿದ್ದುವಾಗ ಇನ್ನೊಬ್ಬರು ಎತ್ತಿ ಮುದ್ದಾಡುವ ಮನೆಯಲ್ಲಿ ಎಷ್ಟು ವಾರವಾದರೂ ಸಾಲದು.

ಹೊರಗೆ ಹೋದಾಗ ಚಪ್ಪಲಿ, ದಿಂಬುಗಳನ್ನು ಹರಿದುಹಾಕುವ ನಾಯಿಯ ದೂರು ಇನ್ನೊಂದು. ಮರಿಯಾದರೆ ಹಲ್ಲು ಬರುವ ಕಾಲ, ಕಡಿಯಲು ಏನಾದರೂ ಕೊಟ್ಟರೆ ತೀರಿತು. ಬೆಳೆದ ನಾಯಿಯಾದರೆ ಕಾರಣ ಬೇಸರ, ಇಲ್ಲವೆ ಒಂಟಿತನದ ಭಯ. 'ನೋಡಿ, ತಪ್ಪು ಮಾಡಿದ್ದೇನೆಂದು ಅದಕ್ಕೆ ಗೊತ್ತು, ಹೇಗೆ ತಲೆ ತಗ್ಗಿಸಿದೆ' ಎಂದು ಎಲ್ಲರೂ ಹೇಳುತ್ತಾರೆ. 2009ರಲ್ಲಿ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ಇದನ್ನು 14 ನಾಯಿಗಳಲ್ಲಿ ಪರೀಕ್ಷಿಸಿದರು. ಬೇಡವೆಂದು ಹೇಳಿದ ತಿನಿಸನ್ನು ತಿಂದಿರಲಿ, ಬಿಟ್ಟಿರಲಿ, ಯಜಮಾನರು ಗದರಿದಾಗಲೇ ಆ ತಪ್ಪಿತಸ್ಥ ಮುಖ ಹೆಚ್ಚಾಗಿ ಕಂಡಿತು. ಏನೂ ತಪ್ಪು ಮಾಡದೆ ಗದರಿಸಿಕೊಂಡ ನಾಯಿಯ ತಲೆಯೂ ತಗ್ಗಿತ್ತು. ಪಶ್ಚಾತ್ತಾಪವೆಂದು ನಾವು ಓದುವುದು ನಮ್ಮ ಸಿಟ್ಟಿಗೆ ಅದು ಹೆದರಿದ ಗುರುತು. ಸಂಜೆ ಆರಕ್ಕೆ ಬಂದು ಮಧ್ಯಾಹ್ನ ಹರಿದ ಚಪ್ಪಲಿಗಾಗಿ ಹೊಡೆದರೆ, ಯಜಮಾನರು ಮನೆಗೆ ಬರುವುದೇ ಅಪಾಯವೆಂದು ಅದು ಕಲಿಯುತ್ತದೆ. ಮರುದಿನ ಇನ್ನೊಂದು ಜೊತೆ ಹೋಗುತ್ತದೆ.

ಇಂಥ ನಾಯಿಯನ್ನು ಹಗಲೆಲ್ಲ ಕಟ್ಟಿಹಾಕುವುದು ನಮ್ಮಲ್ಲಿ ರೂಢಿ. ಕಟ್ಟಿದಷ್ಟೂ ಅದು ಕೆರಳುತ್ತದೆ. ಓಡುವುದಕ್ಕೆಂದೇ ಹುಟ್ಟಿದ ಮುಧೋಳದ ನಾಯಿಯನ್ನು ನಾಲ್ಕಡಿ ಸರಪಳಿಗೆ ಬಿಗಿದು ಅದರ ಸ್ವಭಾವವನ್ನು ಹಳಿಯುವುದು ನ್ಯಾಯವಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ನಾಯಿಯ ಹೆಸರನ್ನೇ ಹಿಡಿದು ಹೇಳುತ್ತದೆ: ಸದಾ ಕಟ್ಟಿಯೋ ಕೂಡಿಯೋ ಇಟ್ಟ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದು ಕ್ರೌರ್ಯ. 'ಇದು ನಮಗೆ ಒಗ್ಗಲಿಲ್ಲ' ಎಂದು ರಾತ್ರಿ ಕಾರಿನಲ್ಲಿ ಕೂರಿಸಿ ವರ್ತುಲ ರಸ್ತೆಯಾಚೆ ಇಳಿಸಿ ಬರುವವರಿದ್ದಾರೆ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದೂ ಅದೇ ಕಾಯಿದೆಯಲ್ಲಿ ಅಪರಾಧ. ಬೀದಿಯ ನಾಯಿಗೆ ಬೀದಿಯಲ್ಲಿ ಬದುಕುವ ಬಗೆ ಗೊತ್ತು. ಹಾಸಿಗೆಯ ಮೇಲೆ ಬೆಳೆದದ್ದಕ್ಕೆ ಗೊತ್ತಿಲ್ಲ. ಬೆಳಗ್ಗೆ ಸಂಜೆ ಮುಕ್ಕಾಲು ಗಂಟೆಯ ನಡಿಗೆ ಇವುಗಳಲ್ಲಿ ಅನೇಕವನ್ನು ಮನೆಯಲ್ಲೇ ಉಳಿಸುತ್ತಿತ್ತು.

ಭಯದ ವಿಷಯದಲ್ಲಿ ಮೈಸೂರಿನವರಿಗೆ ಹೊರಗಿನ ಪಾಠ ಬೇಡ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುವಾಗ ಆನೆ ಕುದುರೆಗಳು ಬೆದರದಿರುವುದು ದೇವರ ದಯೆಯೊಂದರಿಂದಲ್ಲ. ದಸರೆಗೆ ಮುನ್ನ ಅವುಗಳಿಗೆ ಫಿರಂಗಿಯ ಸದ್ದಿನ ತಾಲೀಮು ನಡೆಯುತ್ತದೆ. ಹೊಸ ಆನೆಯನ್ನು ದೂರದಲ್ಲಿ ನಿಲ್ಲಿಸಿ, ಮಾವುತ ಪಕ್ಕದಲ್ಲಿದ್ದು, ಸದ್ದಾದರೂ ಏನೂ ಆಗಲಿಲ್ಲವೆಂಬುದನ್ನು ಅದಕ್ಕೆ ಮನವರಿಕೆ ಮಾಡಿಕೊಡುತ್ತಾರೆ. ದೀಪಾವಳಿಯ ಪಟಾಕಿಗೆ ಮಂಚದಡಿ ನಡುಗುವ ನಾಯಿಗೂ ಇದೇ ಕ್ರಮ. ಹಬ್ಬಕ್ಕೆ ಒಂದೆರಡು ತಿಂಗಳು ಮೊದಲೇ ಪಟಾಕಿಯ ಮುದ್ರಿತ ಸದ್ದನ್ನು ಅತಿ ಮೆಲ್ಲಗೆ ಕೇಳಿಸುತ್ತ, ಜೊತೆಗೇ ಇಷ್ಟದ ತಿನಿಸು ಕೊಡುತ್ತ, ದಿನಗಳು ಕಳೆದಂತೆ ಸದ್ದನ್ನು ಏರಿಸಬೇಕು. ಅದು ಕಿವಿ ನಿಮಿರಿಸಿ ತಿನ್ನುವುದನ್ನು ಬಿಟ್ಟರೆ ನಾವು ಆತುರಪಟ್ಟೆವೆಂದು ತಿಳಿದು ಇಳಿಸಬೇಕು. ಊಟಕ್ಕೆ ಮುನ್ನ ಕೇಳುವ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯಾದ ಪಾವ್ಲೋವ್ ತೋರಿಸಿಕೊಟ್ಟರಲ್ಲವೆ? ಸದ್ದಿಗೂ ಸುಖಕ್ಕೂ ನಂಟು ಹಾಕುವ ಅದೇ ತತ್ತ್ವ ಇದು. (1935ರಲ್ಲಿ ತಮ್ಮ ಮನೆಯಲ್ಲೇ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಬಾನುಲಿಯಲ್ಲಿ ಪಾವ್ಲೋವನ ಹೆಸರೆತ್ತಿದ್ದಕ್ಕೆ ಅವರು ಮುನಿಯಲಾರರು.) ಹಬ್ಬದ ದಿನ ಒಳಕೋಣೆಯ ಕಿಟಕಿ ಮುಚ್ಚಿ, ರೇಡಿಯೋ ಹಾಕಿ, ಪಕ್ಕದಲ್ಲಿ ಕುಳಿತರೆ ಒಳ್ಳೆಯದು. ಸಂತೈಸಿದರೆ ಭಯ ಹೆಚ್ಚುತ್ತದೆಂಬ ಮಾತಿನಲ್ಲಿ ಹುರುಳಿಲ್ಲ.

ನಾಯಿಗೆ ತಾನೇ ಯಜಮಾನನೆಂದು ತೋರಿಸಿಕೊಡಬೇಕು, ಬೆನ್ನು ಮೇಲಾಗಿ ಕೆಡವಿ ಒತ್ತಬೇಕು ಎನ್ನುವವರು ಇನ್ನೂ ಇದ್ದಾರೆ. ಸೆರೆಯಲ್ಲಿ ಒಟ್ಟುಗೂಡಿಸಿದ ತೋಳಗಳ ಜಗಳವನ್ನು ನೋಡಿ ಕಟ್ಟಿದ ವಾದವಿದು. ತಾವೇ ಅದನ್ನು ಪ್ರಚಾರ ಮಾಡಿದ್ದ ತೋಳತಜ್ಞ ಡೇವಿಡ್ ಮೆಕ್ 1999ರಲ್ಲಿ, ಕಾಡಿನ ತೋಳಗಳ ಗುಂಪು ತಂದೆ ತಾಯಿ ಮಕ್ಕಳ ಸಂಸಾರವೆಂದು ಬರೆದು ಹಳೆಯ ಮಾತನ್ನು ತಿದ್ದಿದರು. ನಮ್ಮ ಊರಿನ ಕೆಲವು ತರಬೇತುದಾರರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ತಟ್ಟೆಯ ಬಳಿ ಹೋದರೆ ಗುರುಗುಡುವ ನಾಯಿಯ ವಿಷಯದಲ್ಲಿ ಈ ಯಜಮಾನಿಕೆ ಬಹು ಅಪಾಯಕರ. ಗುರುಗುಡುವಿಕೆ ಒಂದು ಎಚ್ಚರಿಕೆ. ಅದಕ್ಕಾಗಿ ಹೊಡೆದರೆ ನಾಯಿ ಗುರುಗುಡುವುದನ್ನು ಬಿಡುತ್ತದೆ, ಒಳಗಿನ ಭಯ ಹಾಗೆಯೇ ಉಳಿಯುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ, ಬಹುಪಾಲು ಮಗುವನ್ನು. ಕೈ ಬಂದರೆ ತಟ್ಟೆಗೆ ಇನ್ನೂ ರುಚಿಯಾದದ್ದೇನೋ ಬೀಳುತ್ತದೆಂದು ಅದಕ್ಕೆ ದೂರದಿಂದ ಆರಂಭಿಸಿ ಕಲಿಸಬೇಕು. ಮಕ್ಕಳನ್ನು ಈ ಪಾಠದಿಂದ ದೂರವಿಡಬೇಕು. ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಮುಟ್ಟಿದರೆ ಸಿಡುಕತೊಡಗಿದರೆ ಶಿಕ್ಷಣದ ಮಾತು ಆಮೇಲೆ. ಕಿವಿಯ ಹುಣ್ಣು, ಹಲ್ಲುನೋವು, ಮುದಿ ಕೀಲುಗಳ ನೋವು ಇದೆಯೇ ಎಂದು ಪಶುವೈದ್ಯರು ನೋಡಲಿ. ಕಚ್ಚಿಯೇ ಬಿಟ್ಟರೆ ಗಾಯವನ್ನು ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಮನೆಯದೇ ನಾಯಿ, ಲಸಿಕೆ ಹಾಕಿಸಿದೆ ಎಂಬ ಧೈರ್ಯದಿಂದ ತಡಮಾಡಬಾರದು.